ರೇಡಿಯೇಟರ್ ಸುಮಂಗಲಾ

ಅಳ್ನಾವರದ ರೈಲ್ವೆ ಗೇಟು ದಾಟಿ ಊರೊಳಗೆ ಬರುವಾಗ ಎಡಗಡೆ ನೀಲಕ್ಕನ ಖಾನಾವಳಿ ಇದೆ. ಅದಕ್ಕೆ ಅಂಟಿಕೊಂಡೇ ಒಂದು ತಗಡಿನ ಶೆಡ್ಡು. ಶೆಡ್ಡಿಗೆ ಬೋರ್ಡಿಲ್ಲ. ಮುಂದಿನ ಕಂಬಕ್ಕೆ ನೇತುಹಾಕಿದ ಹಳೆಯ ರೇಡಿಯೇಟರುಗಳೇ ಗುರುತು. ಅಲ್ಲಿ ಕೆಲಸ ಮಾಡುವ ಸುಮಂಗಲಾಳಿಗೆ ಈಗ ಮೂವತ್ತೈದರ ಆಸುಪಾಸು. ಅವಳ ಬಲಗೈಯ ನಡುವಿನ ಎರಡು ಬೆರಳು ಮಡಚುವುದಿಲ್ಲ. ಸ್ಪ್ಯಾನರನ್ನು ಹೆಬ್ಬೆರಳು, ತೋರುಬೆರಳ ನಡುವೆ ಸಿಕ್ಕಿಸಿಕೊಂಡು ಅಂಗೈಯಿಂದ ಒತ್ತಿ ತಿರುಗಿಸುತ್ತಾಳೆ. ಬೆರಳಿಗೆ ಏನಾಯಿತು ಎಂದು ಕೇಳಿದವರಿಗೆ ಬಾನೆಟ್ ಬಿತ್ತು ಎನ್ನುತ್ತಾಳೆ. ಬಾನೆಟ್ ತಾನಾಗಿ ಬಿದ್ದಿರಲಿಲ್ಲ. ಬೀಳಿಸಿದವನು ಅವಳ ಗಂಡ ಸಿದ್ದರಾಮ.

ಈ ಕೆಲಸ ಅವಳಿಗೆ ಬಂದದ್ದು ತಂದೆ ಶಿದ್ಲಿಂಗಪ್ಪನಿಂದ. ಅಣ್ಣಿಗೇರಿಯ ಗದಗ ರಸ್ತೆಯಲ್ಲಿ ಅವನ ರೇಡಿಯೇಟರ್ ರಿಪೇರಿ ಅಂಗಡಿ ಇತ್ತು. ಲಾರಿ, ಟ್ರ್ಯಾಕ್ಟರುಗಳ ಎಂಜಿನ್ನಿನ ನೀರು ತಣಿಸುವ ಹಿತ್ತಾಳೆಯ ರೇಡಿಯೇಟರುಗಳನ್ನು ಬಿಚ್ಚಿ ತಂದು, ಬಾಯಿಗಳಿಗೆ ಬಿರಡೆ ಜಡಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ತೂತು. ಶಾಲೆ ಬಿಟ್ಟು ಬಂದ ಸುಮಂಗಲಾ ತೊಟ್ಟಿಯ ದಂಡೆಯ ಮೇಲೆ ಕುಳಿತು ಗುಳ್ಳೆ ಎಲ್ಲಿ ಎಂದು ತೋರಿಸುತ್ತಿದ್ದಳು. ಮುಂದೆ ಊರೂರಿಗೂ ಸಣ್ಣ ಕಾರುಗಳು ಬಂದವು. ಅವುಗಳ ರೇಡಿಯೇಟರಿಗೆ ಪ್ಲಾಸ್ಟಿಕ್ಕಿನ ತಲೆ, ಅಲ್ಯೂಮಿನಿಯಂ ಮೈ. ಬೆಸುಗೆ ಹಿಡಿಯುತ್ತಿರಲಿಲ್ಲ. ಹೀಗಾಗಿ ಶಿದ್ಲಿಂಗಪ್ಪ ಇಡೀ ಎಂಜಿನ್ನಿನ ಬಿಸಿ ನೋಡುವುದನ್ನು ಕಲಿತ, ಮಗಳಿಗೂ ಕಲಿಸಿದ. ಕಾರು ಕಾದಿದೆ ಎಂದ ಕೂಡಲೇ ರೇಡಿಯೇಟರನ್ನು ಬೈಯಬಾರದು. ಮೊದಲು ಮೇಲಿನ ಪೈಪು, ಕೆಳಗಿನ ಪೈಪು ಮುಟ್ಟಿ ನೋಡಬೇಕು. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ನೀರು ತಿರುಗುತ್ತಿಲ್ಲ. ನಿಂತಾಗ ಮಾತ್ರ ಕಾದು, ಓಡುವಾಗ ತಣ್ಣಗಾದರೆ ಫ್ಯಾನ್ ನೋಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳನ್ನು ಕಡೆಗೆ ನಂಬಬೇಕು. ಮಗಳ ಮದುವೆಯಾದ ಮರುವರ್ಷ ಎದೆನೋವು ಬಂದು ಅವನು ತೀರಿಕೊಂಡ. ತಾಯಿ ಮೊದಲೇ ಇರಲಿಲ್ಲ. ತಾಯಿಯ ತಂಗಿ ನೀಲಕ್ಕ ಒಬ್ಬಳೇ ಉಳಿದ ಬಳಗ.

ಸಿದ್ದರಾಮ ಕುಂದಗೋಳದವನು. ಹುಬ್ಬಳ್ಳಿಯಲ್ಲಿ ಹಳೆಯ ಸಣ್ಣ ಕಾರು ಹಿಡಿದು, ತೊಳೆದು, ಪಾಲಿಶ್ ಮಾಡಿ ಹಳ್ಳಿಯವರಿಗೆ ಮಾರುವುದು ಅವನ ದಂಧೆ. ಎತ್ತರದ ಆಳು, ನಗಿಸುವಂತೆ ಮಾತಾಡುವವನು. ಕನ್ಯೆ ನೋಡಲು ಬಂದಾಗಲೇ ಶಿದ್ಲಿಂಗಪ್ಪನ ತೊಟ್ಟಿಯ ಬಳಿ ನಿಂತು, ಹುಡುಗಿ ಪೈಪಿಗೆ ಕ್ಲಿಪ್ ಬಿಗಿಯುವುದನ್ನು ನೋಡಿ ಮೆಚ್ಚಿಕೊಂಡಿದ್ದ. ಮದುವೆಯಾದ ಹೊಸತರಲ್ಲಿ ತಂದ ಪ್ರತಿ ಕಾರಿನ ಬಾನೆಟ್ ಎತ್ತಿ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ನೋಡಿ ಹೇಳಿದ್ದನ್ನು ಮೆಕ್ಯಾನಿಕ್ಕಿನಿಂದ ಮಾಡಿಸುತ್ತಿದ್ದ. ಸುಮಂಗಲಾಳಿಗೆ ಆ ದಿನಗಳಲ್ಲಿ ಸಂತೋಷವಿತ್ತು.

ಆಮೇಲೆ ಅವನಿಗೆ ರಿಪೇರಿಗಿಂತ ಮುಚ್ಚುವುದು ಸುಲಭ ಎನ್ನಿಸಿತು. ರೇಡಿಯೇಟರ್ ಸೋರಿದರೆ ಅದಕ್ಕೆ ಅರಿಷಿಣ ಪುಡಿ ಸುರಿಯುವುದು. ಪುಡಿ ತೂತಿನಲ್ಲಿ ಕೂತು ವಾರ ಹದಿನೈದು ದಿನ ಸೋರಿಕೆ ನಿಲ್ಲುತ್ತಿತ್ತು. ಎಂಜಿನ್ ಕುದಿಯುತ್ತಿದ್ದರೆ ಮುಳ್ಳಿನ ವೈರಿಗೆ ಏನೋ ಸಣ್ಣದೊಂದನ್ನು ಬೆಸೆದು, ಒಳಗೆ ಎಷ್ಟೇ ಕಾದರೂ ಮುಳ್ಳು ನಟ್ಟನಡುವೆಯೇ ನಿಲ್ಲುವಂತೆ ಮಾಡುವುದು. ಈಗ ಅವನು ಹೆಂಡತಿಯನ್ನು ಕರೆಯುತ್ತಿದ್ದದ್ದು ಯಾವ ರೋಗವನ್ನು ಮುಚ್ಚಬೇಕು ಎಂದು ಕೇಳಲು. ಒಂದು ಕಾರಿನ ವಾಟರ್ ಪಂಪು ಕೂಗುತ್ತಿತ್ತು. ಅದನ್ನು ಬದಲಿಸದೆ ಮಾರಬಾರದು ಎಂದು ಅವಳು ಪಟ್ಟು ಹಿಡಿದಳು. ಅವತ್ತು ಮೊದಲ ಪೆಟ್ಟು ಬಿತ್ತು. ಕಿವಿಯಲ್ಲಿ ಎರಡು ದಿನ ಆ ಪಂಪಿನಂಥದೇ ಸದ್ದು ಕೇಳಿಸುತ್ತಿತ್ತು ಎಂದು, ಮುಂದೆ ನನ್ನ ಕಾರಿನ ರಿಪೇರಿಗೆ ಹೋದಾಗ, ಅವಳು ನನಗೆ ಹೇಳಿದಳು.

ಒಮ್ಮೆ ಕುಬಿಹಾಳದ ನಾಲ್ಕು ಜನ ಮನೆಗೆ ಬಂದರು. ಸಿದ್ದರಾಮ ಮಾರಿದ ಕಾರು ಮದುವೆಗೆ ಹೊರಟವರನ್ನು ನಡುದಾರಿಯಲ್ಲಿ ಇಳಿಸಿ, ಎಂಜಿನ್ ಜಾಮ್ ಆಗಿ ನಿಂತಿತ್ತು. ಅವರು ಊಟಕ್ಕೆ ಕೂತವನನ್ನು ಅಂಗಳಕ್ಕೆ ಎಳೆದು, ಅಲ್ಲೇ ಗೂಟಕ್ಕೆ ತೂಗಿದ್ದ ಹಳೆಯ ಫ್ಯಾನ್ ಬೆಲ್ಟ್ ತೆಗೆದುಕೊಂಡು ಬಾರಿಸಿದರು. ಅಂಗಿ ಹರಿದು ಬೆನ್ನ ಮೇಲೆ ಬಾಸುಂಡೆ ಎದ್ದವು. ಬಿಡಿಸಲು ಹೋದ ಸುಮಂಗಲಾಳನ್ನು ಒಬ್ಬ ಗೋಡೆಗೆ ತಳ್ಳಿದ. ಅವರು ಹೋದ ಮೇಲೆ ಸಿದ್ದರಾಮ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ, ನೀರು ಕುಡಿದ, ಅಂಗಳದಲ್ಲಿ ಬಿದ್ದಿದ್ದ ಅದೇ ಬೆಲ್ಟ್ ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದ. ಈ ಕಾರಿನ ವಿಷಯ ಕುಬಿಹಾಳದವರಿಗೆ ನೀನೇ ಹೇಳಿರಬೇಕು ಎಂಬುದು ಅವನ ಆರೋಪ. ಅವಳು ಹೇಳಿರಲಿಲ್ಲ. ಅತ್ತೆ ಸಾವಂತ್ರೆವ್ವ ಪಡಸಾಲೆಯಲ್ಲಿ ಟಿವಿಯ ದನಿ ಏರಿಸಿ ಕೂತಿದ್ದಳು. ಎಲ್ಲ ಮುಗಿದ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಸೊಸೆಯ ಬೆನ್ನಿಗೆ ಹಚ್ಚಿದಳು. ಹಚ್ಚುತ್ತಾ, ತನ್ನ ಗಂಡನೂ ಹೀಗೇ ಇದ್ದನೆಂದೂ, ವಯಸ್ಸಾದ ಮೇಲೆ ಕೈ ತಾನಾಗಿಯೇ ಸೋತಿತೆಂದೂ ಹೇಳಿದಳು.

ಅದಾಗಿ ಒಂದೂವರೆ ವರ್ಷಕ್ಕೆ ಒಂದು ಬಿಳಿಯ ಸಣ್ಣ ಕಾರು ಬಂತು. ಸಿದ್ದರಾಮ ಊರಲ್ಲಿಲ್ಲದ ಒಂದು ಮುಂಜಾನೆ ಸುಮಂಗಲಾ ಅದನ್ನು ನೋಡಿದಳು. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ಚಾಲೂ ಮಾಡಿದಳು. ಬಾಯಿಯಲ್ಲಿ ಸಣ್ಣಗೆ ಒಂದೇ ಸಮನೆ ಗುಳ್ಳೆ ಏಳತೊಡಗಿದವು. ಅರಿಷಿಣದ ಹಳದಿ ನೀರು ಮೇಲಕ್ಕೆ ಉಕ್ಕಿತು. ಮುಚ್ಚಳ ಹಾಕಿ ಮೇಲಿನ ಪೈಪನ್ನು ಹಿಚುಕಿದರೆ, ನೀರಿನ್ನೂ ಬೆಚ್ಚಗಾಗುವ ಮೊದಲೇ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಪದರು. ಹಿಂದಿನ ಹೊಗೆ ಬೆಳ್ಳಗೆ, ಮೂಗಿಗೆ ಸಿಹಿ. ಹೆಡ್ ಗ್ಯಾಸ್ಕೆಟ್ ಒಡೆದಿತ್ತು. ಅಂದರೆ ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರುವ ಹಾಳೆ ಹರಿದು, ಸುಡುವ ಅನಿಲ ನೀರಿನೊಳಗೆ ನುಗ್ಗುತ್ತಿತ್ತು. ತಲೆ ಇಳಿಸದೆ ಇದಕ್ಕೆ ಬೇರೆ ಔಷಧಿಯಿಲ್ಲ. ಸಿದ್ದರಾಮ ಬಂದ ಮೇಲೆ ಹೇಳಿದಳು. ಗಿರಾಕಿ ಗೊತ್ತಾಗಿದ್ದಾನೆ, ಬಾಯಿ ಮುಚ್ಚಿಕೊಂಡಿರು ಎಂದ.

ಗಿರಾಕಿ ನವಲಗುಂದ ತಾಲೂಕಿನ ತಿರ್ಲಾಪುರದ ಅಕ್ಬರಸಾಬ. ಹತ್ತಿ ಬೆಳೆಯುವ ರೈತ, ಅರವತ್ತು ದಾಟಿದವನು. ಅವನ ಹೆಂಡತಿ ಖಾಸಿಂಬಿಯ ಮೂತ್ರಪಿಂಡಗಳು ಕೆಲಸ ಮಾಡುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಒಯ್ಯಬೇಕಿತ್ತು. ಬಸ್ಸಿನಲ್ಲಿ ಆಕೆಗೆ ಕೂರಲಾಗುತ್ತಿರಲಿಲ್ಲ. ಆದ್ದರಿಂದಲೇ ಕಾರು. ಅವನು ಇದನ್ನೆಲ್ಲ ಅಂಗಳದಲ್ಲಿ ನಿಂತು, ಸಿದ್ದರಾಮ ಕೇಳದಿದ್ದರೂ, ಸಂಕೋಚದಿಂದ ಹೇಳುತ್ತಿದ್ದ. ಸುಮಂಗಲಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿದ್ದಳು. ಸಿದ್ದರಾಮ ಬಾನೆಟ್ ಎತ್ತಿ ಎಂಜಿನ್ ತೋರಿಸಿದ. ಮುಳ್ಳು ನಡುವೆ ನಿಂತಿದ್ದನ್ನು ತೋರಿಸಿದ.

ಸುಮಂಗಲಾ ಕಪ್ಪನ್ನು ಕಟ್ಟೆಯ ಮೇಲಿಟ್ಟು ಕಾರಿನ ಹತ್ತಿರ ಬಂದಳು. ಬಾನೆಟ್ಟಿನ ಕೆಳಗೆ ಕೈಹಾಕಿ ಮೇಲಿನ ಪೈಪಿನ ಮೇಲೆ ಬೆರಳಿಟ್ಟಳು.

"ಕಾಕಾ, ಈ ಗಾಡಿ ತುಗೋಬ್ಯಾಡ್ರಿ," ಎಂದಳು. "ಇದರ ಹೆಡ್ ಗ್ಯಾಸ್ಕೆಟ್ ಹೋಗೇತ್ರಿ. ಆ ಮುಳ್ಳು ಸುಳ್ಳ ಐತಿ. ಕಾಕಿನ್ನ ಕರಕೊಂಡು ಹೊಂಟಾಗ ನಡುದಾರ್ಯಾಗ ನಿಂದ್ರತೈತ್ರಿ."

ಸಿದ್ದರಾಮ ಅವಳ ಮುಖವನ್ನೂ ನೋಡಲಿಲ್ಲ. ಬಾನೆಟ್ಟಿಗೆ ಆಸರೆಯಾಗಿದ್ದ ಕಡ್ಡಿಯನ್ನು ಎಡಗೈಯಿಂದ ತಪ್ಪಿಸಿ, ಬಲಗೈಯಿಂದ ಬಾನೆಟ್ಟನ್ನು ಕೆಳಕ್ಕೆ ಬಡಿದ. ಅವಳ ಕೈ ಅಂಚಿನಲ್ಲಿ ಸಿಕ್ಕಿತು. ಅಷ್ಟಕ್ಕೆ ಬಿಡದೆ ಎರಡೂ ಅಂಗೈ ಊರಿ ಮೈಭಾರ ಹಾಕಿ ಒತ್ತಿದ. ಎಲುಬು ಮುರಿದ ಸದ್ದು ಅಕ್ಬರಸಾಬನಿಗೂ ಕೇಳಿಸಿತು. ಮುದುಕ ಓಡಿಬಂದು ಸಿದ್ದರಾಮನ ತೋಳು ಹಿಡಿದು ಎಳೆದ. ಸಿದ್ದರಾಮ ಮೊಣಕೈಯಿಂದ ಅವನ ಬಾಯಿಗೆ ಹೊಡೆದ. ಅಕ್ಬರಸಾಬ ತುಳಸಿಕಟ್ಟೆಗೆ ತಾಗಿ ಬಿದ್ದ, ತುಟಿ ಸೀಳಿ ಗಡ್ಡಕ್ಕೆ ರಕ್ತ ಇಳಿಯಿತು. ಆ ಗಡಿಬಿಡಿಯಲ್ಲಿ ಬಾನೆಟ್ ತೆರೆದುಕೊಂಡಿತು, ಸುಮಂಗಲಾ ಕೈ ಕಿತ್ತುಕೊಂಡಳು. ನಡುವಿನ ಎರಡು ಬೆರಳು ಹಿಂದಕ್ಕೆ ತಿರುಗಿಕೊಂಡಿದ್ದವು.

ಅಕ್ಬರಸಾಬ ಎದ್ದು, ನಾನು ಪೊಲೀಸರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಹೊರಟ. ಹೋಗುವಾಗ ಅವಳನ್ನು ನೋಡಿ, ನೀ ನನ್ನ ಜೊತಿ ಬಾ ಮಗಳ ಎಂದ. ಅವಳಿಗೆ ಆ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕಾರಿಗೆ ಒರಗಿದ್ದಳು. ಸಿದ್ದರಾಮ ಅವಳನ್ನು ಜಡೆ ಹಿಡಿದು ಒಳಗೆ ಎಳೆದುಕೊಂಡು ಹೋದ. ದವಾಖಾನೆಗೆ ಒಯ್ಯಲಿಲ್ಲ. ಸಾವಂತ್ರೆವ್ವ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿ ಕಟ್ಟಿದಳು. ಅವತ್ತು ಪೊಲೀಸರು ಯಾರೂ ಬರಲಿಲ್ಲ.

ಮರುದಿನ ಮುಂಜಾನೆ ಸಿದ್ದರಾಮ ಸ್ನಾನಕ್ಕೆ ಹೋಗಿದ್ದ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅಂಗಳದಲ್ಲಿ ಮೂರು ಕಾರಿದ್ದವು. ಎರಡರ ಮುಂದೆ ಅಡ್ಡವಾಗಿ ಆ ಬಿಳಿಯ ಕಾರು ನಿಂತಿತ್ತು. ಹೊರಗೆ ಹೋಗಬಹುದಾದದ್ದು ಅದೊಂದೇ. ಸುಮಂಗಲಾ ಗೂಟದಿಂದ ಕೀಲಿ ತೆಗೆದುಕೊಂಡು, ಎರಡು ಕ್ಯಾನಿನಲ್ಲಿ ನೀರು ತುಂಬಿ ಹಿಂದಿನ ಸೀಟಿನ ಬುಡಕ್ಕೆ ಇಟ್ಟಳು. ರೇಡಿಯೇಟರಿಗೆ ನೀರು ಹೊಯ್ದಳು. ತಲೆ ಎತ್ತಿದರೆ ಸಾವಂತ್ರೆವ್ವ ಗೇಟಿನ ಬಳಿ ನಿಂತಿದ್ದಳು. ಅತ್ತೆ ಕೂಗಿಕೊಂಡರೆ ಮುಗಿಯಿತು ಎಂದು ಸುಮಂಗಲಾ ನಿಂತಲ್ಲೇ ನಿಂತಳು. ಸಾವಂತ್ರೆವ್ವ ಚಿಲಕ ತೆಗೆದಳು. ಸದ್ದಾಗದಂತೆ ಗೇಟನ್ನು ಸ್ವಲ್ಪ ಎತ್ತಿ ಹಿಡಿದು ಪೂರ್ತಿ ತೆರೆದಳು. ಆಮೇಲೆ ಒಳಗೆ ಹೋಗಿ ಟಿವಿ ಹಚ್ಚಿದಳು.

ಹೋಗುವ ಜಾಗ ಒಂದೇ ಇತ್ತು, ಅಳ್ನಾವರದ ಚಿಗವ್ವ ನೀಲಕ್ಕನ ಮನೆ. ಧಾರವಾಡದ ದೊಡ್ಡ ರಸ್ತೆಯುದ್ದಕ್ಕೂ ಸಿದ್ದರಾಮನ ಗುರುತಿನ ದಲ್ಲಾಳಿಗಳಿದ್ದರು. ಆದ್ದರಿಂದ ಹುಬ್ಬಳ್ಳಿಯ ಹೊರಗಿನಿಂದ ಕಲಘಟಗಿಯ ಹಾದಿ ಹಿಡಿದಳು. ಏಪ್ರಿಲ್ ತಿಂಗಳು, ಎರಡೂ ಕಡೆ ಉಳುಮೆಯಾದ ಕರಿನೆಲ. ಗೇರು ಹಾಕಲು ಎಡಗೈ ಸಾಕಿತ್ತು. ಸ್ಟೀರಿಂಗನ್ನು ಬಲ ಮುಂಗೈಯಿಂದ ಒತ್ತಿ ಹಿಡಿದಿದ್ದಳು. ಮುಳ್ಳು ನೋಡಿ ಉಪಯೋಗವಿರಲಿಲ್ಲ. ಅವಳು ಹೀಟರನ್ನು ಪೂರ್ತಿ ತಿರುಗಿಸಿ, ಫ್ಯಾನು ಹೆಚ್ಚಿಟ್ಟಳು. ಕಾರಿನೊಳಗಿನ ಹೀಟರಿಗೆ ಬಿಸಿ ಬರುವುದು ಎಂಜಿನ್ನಿನ ನೀರಿನಿಂದಲೇ. ಅದನ್ನು ಹಚ್ಚಿದರೆ ಎಂಜಿನ್ನಿನ ಅಷ್ಟು ಬಿಸಿ ಹೊರಗೆ ಬರುತ್ತದೆ. ಇನ್ನೊಂದು ಉಪಯೋಗವೂ ಇತ್ತು. ಹೀಟರಿನ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ಒಳಗೆ ನೀರು ಇಳಿದು ಹೀಟರಿನ ತನಕ ಬರುತ್ತಿಲ್ಲ ಎಂದರ್ಥ. ಆಗ ಒಂದು ಗಳಿಗೆಯೂ ಓಡಿಸಬಾರದು. ಬೆಂಕಿಯಂಥ ಗಾಳಿ ಅವಳ ಮೊಣಕಾಲಿಗೂ ಮುಖಕ್ಕೂ ಹೊಡೆಯುತ್ತಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಆ ಸೆಕೆ ಇರುವ ತನಕ ಕಾರು ಬದುಕಿದೆ ಎಂದುಕೊಂಡು ಅದನ್ನೇ ಕಾಯುತ್ತಾ ಹೋದಳು. ಎರಡು ಸಲ ನಿಲ್ಲಿಸಿ, ತಣಿಯಲು ಬಿಟ್ಟು, ನೀರು ಹಾಕಿ ಮತ್ತೆ ಹೊರಟಳು.

ಕಲಘಟಗಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಕ್ಯಾನುಗಳಿಗೆ ಮತ್ತೆ ನೀರು ತುಂಬಿಸಿಕೊಂಡಳು. ಅಲ್ಲಿದ್ದ ಒಬ್ಬ ದಲ್ಲಾಳಿ ಕಾರನ್ನು ಗುರುತು ಹಿಡಿದು ಸಿದ್ದರಾಮನಿಗೆ ತಿಳಿಸಿದ. ಅಷ್ಟರಲ್ಲಾಗಲೇ ಸಿದ್ದರಾಮ ಎಲ್ಲ ಕಡೆ ಫೋನು ಹಚ್ಚಿದ್ದ. ಅವಳು ಬಂಕಿನಿಂದ ಹೊರಬೀಳುವ ಹೊತ್ತಿಗೆ ಸಿದ್ದರಾಮ ಬೈಕಿನಲ್ಲಿ ಆ ಹಾದಿ ಹಿಡಿದಿದ್ದ.

ಕಲಘಟಗಿ ದಾಟಿ ಅಳ್ನಾವರದ ಕಡೆ ತಿರುಗಿದರೆ ಕರಿನೆಲ ಮುಗಿದು ಕೆಂಪು ಮಣ್ಣು, ಮರಗಳು ಶುರುವಾಗುತ್ತವೆ. ಅಲ್ಲಿ ಒಂದು ಏರಿನಲ್ಲಿ ಹೀಟರಿನ ಗಾಳಿ ತಣ್ಣಗಾಯಿತು. ಸುಮಂಗಲಾ ಕಾರನ್ನು ಮರದ ನೆರಳಿಗೆ ಎಳೆದು ಎಂಜಿನ್ ಆರಿಸಿದಳು. ಬಾನೆಟ್ ಎತ್ತಿದಾಗ ಒಳಗಿನಿಂದ ಟಕಟಕ ಎಂದು ಲೋಹ ಸಿಡಿಯುವ ಸದ್ದು. ಮೇಲಿನ ಪೈಪು ಉಬ್ಬಿ ಹಾವಿನಂತೆ ಸೆಟೆದಿತ್ತು. ತಾಸು ಹೊತ್ತಾದರೂ ಕಾಯಬೇಕು ಎಂದುಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಳು. ಸ್ವಲ್ಪ ದೂರದಲ್ಲಿ ಟೈರ್ ಪಂಕ್ಚರ್ ಆಗಿ ಟ್ರ್ಯಾಕ್ಟರೊಂದು ನಿಂತಿತ್ತು. ಅದರ ಚಾಲಕ ಇನಾಯತ್ ಎಂಬವನು ಟ್ರೇಲರಿನ ಕೆಳಗೆ ಮಲಗಿ ಜ್ಯಾಕ್ ಕೊಡುತ್ತಿದ್ದ.

ಬೈಕು ಬಂದು ನಿಂತಿತು. ಸಿದ್ದರಾಮ ಬೈಕಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ, ಅದು ಹಾಗೇ ಉರುಳಿತು. ಅವನು ನೆಟ್ಟಗೆ ಬಂದು ಕೂತಿದ್ದವಳ ಎದೆಗೆ ಒದ್ದ. ಅವಳು ಕಲ್ಲಿನಿಂದ ಹಿಂದಕ್ಕೆ ಮಗುಚಿ ಬಿದ್ದಳು. ಎಬ್ಬಿಸಿ ಕಾರಿನ ಬಾಗಿಲಿಗೆ ಅವಳ ತಲೆ ಬಡಿದ, ಮತ್ತೊಮ್ಮೆ ಬಡಿದ. ಕಟ್ಟು ಹಾಕಿದ್ದ ಕೈಯನ್ನು ಹಿಡಿದು ತಿರುವಿದ. ಅವಳ ಕೂಗಿಗೆ ಇನಾಯತ್ ಟ್ರೇಲರಿನಡಿಯಿಂದ ತಲೆ ಹೊರಹಾಕಿದ. ಸಿದ್ದರಾಮ ಅವಳನ್ನು ನೆಲಕ್ಕೆ ಬಿಟ್ಟು ಕಾರಿನ ಮುಂದೆ ಹೋದ. ಕಾರಿನಲ್ಲೇ ಅವಳನ್ನು ಕುಂದಗೋಳಕ್ಕೆ ವಾಪಸು ಒಯ್ಯುವುದು ಅವನ ವಿಚಾರ. ಅದಕ್ಕೆ ನೀರು ಬೇಕಿತ್ತು. ಹೆಗಲಿನ ಟವೆಲ್ ತೆಗೆದು ಮಡಚಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿದ.

ಸುಮಂಗಲಾ ಮಣ್ಣಿನಲ್ಲಿ ಕೂತಿದ್ದಳು. ಹುಬ್ಬಿನಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತ್ತು.

"ಅದನ್ನ ತಗೀಬ್ಯಾಡ್ರಿ," ಎಂದಳು. "ಒಳಗ ಕುದ್ಯಾಕತ್ತೈತಿ. ತಾಸೊತ್ತು ಬಿಡ್ರಿ."

ಸಿದ್ದರಾಮ ತಿರುಗಿ ಅವಳನ್ನು ನೋಡಿದ. ಕಾರಿನ ಬಗ್ಗೆ ನೀನು ನನಗೆ ಹೇಳುವುದು ಇವತ್ತಿಗೆ ಸಾಕು ಎಂದ. ಹಾಗೆ ಹೇಳುತ್ತಲೇ ಮುಚ್ಚಳವನ್ನು ಒತ್ತಿ ತಿರುಗಿಸಿದ.

ಮುಚ್ಚಳ ಅವನ ಕೈಯಿಂದ ಹಾರಿಹೋಯಿತು. ಟವೆಲನ್ನು ಎತ್ತಿಕೊಂಡೇ ಹಳದಿ ನೀರಿನ ಕಂಬ ಎದ್ದು ಅವನ ಮುಖ, ಕುತ್ತಿಗೆ, ಎದೆಗೆ ಅಪ್ಪಳಿಸಿತು. ಅವನು ಹಿಂದಕ್ಕೆ ಸರಿಯಲು ಹೋಗಿ, ಮೇಲಿದ್ದ ಬಾನೆಟ್ಟಿಗೆ ತಲೆ ಹೊಡೆದುಕೊಂಡು ಮತ್ತೆ ಉಗಿಯ ಮೇಲೆಯೇ ಬಾಗಿದ. ಆಮೇಲೆ ಬಂದದ್ದು ಮನುಷ್ಯನ ಕೂಗಾಗಿರಲಿಲ್ಲ ಎಂದು ಇನಾಯತ್ ಈಗಲೂ ಹೇಳುತ್ತಾನೆ. ಸಿದ್ದರಾಮ ರಸ್ತೆಯ ಮೇಲೆ ಬಿದ್ದು ಉರುಳಾಡಿದ. ಕೈಯಿಂದ ಮುಖ ಒರೆಸಿಕೊಳ್ಳಲು ಹೋದಾಗ ಕೆನ್ನೆಯ ಚರ್ಮ ಅಂಗೈಗೆ ಅಂಟಿಕೊಂಡು ಬಂತು.

ಕಾರಿನಲ್ಲಿ ಎರಡು ಕ್ಯಾನ್ ನೀರಿತ್ತು. ಅಳ್ನಾವರ ಮುಟ್ಟಬೇಕಾದರೆ ಎಂಜಿನ್ನಿಗೆ ಬೇಕಾದ ನೀರು ಅದು. ಕಣ್ಣು ಕಾಣದೆ ಬಿದ್ದಿರುವ ಈ ಮನುಷ್ಯ ಇನ್ನು ತನ್ನ ಹಿಂದೆ ಬರಲಾರ ಎಂಬುದೂ ಅವಳಿಗೆ ತಿಳಿದಿತ್ತು. ಸುಮಂಗಲಾ ಒಂದು ಗಳಿಗೆ ನೋಡುತ್ತಾ ಕೂತೇ ಇದ್ದಳು. ಆ ಒಂದು ಗಳಿಗೆಯನ್ನು ಅವಳು ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ನೋಡಲು ಹಿತವಾಗಿತ್ತು ಎಂದೇ ಹೇಳುತ್ತಾಳೆ. ಆಮೇಲೆ ಎದ್ದು ಹೋಗಿ ಕ್ಯಾನ್ ತಂದು, ಅವನ ತಲೆಯನ್ನು ಮೊಣಕಾಲಿನಿಂದ ಅದುಮಿ ಹಿಡಿದು, ಮುಖದ ಮೇಲೆ ತಣ್ಣೀರು ಸುರಿದಳು. ಅವನು ಕೈಬೀಸಿ ಅವಳನ್ನು ಹೊಡೆಯುತ್ತಲೇ ಇದ್ದ. ಒಂದು ಪೆಟ್ಟು ಅವಳ ಮುರಿದ ಬೆರಳಿಗೆ ಬಿತ್ತು. ಅವಳು ಬಿಡದೆ ಎರಡೂ ಕ್ಯಾನ್ ಖಾಲಿಯಾಗುವ ತನಕ ಸುರಿದಳು. ಇನಾಯತ್ ಓಡಿಬಂದು, ಆ ಹಾದಿಯಲ್ಲಿ ಬರುತ್ತಿದ್ದ ಸಾಮಾನಿನ ಟೆಂಪೋ ಒಂದಕ್ಕೆ ಅಡ್ಡ ನಿಂತು ನಿಲ್ಲಿಸಿದ. ಇಬ್ಬರೂ ಸೇರಿ ಸಿದ್ದರಾಮನನ್ನು ಹತ್ತಿಸಿ ದವಾಖಾನೆಗೆ ಕಳಿಸಿದರು. ಟೆಂಪೋ ಮರೆಯಾದ ಮೇಲೆ ಸುಮಂಗಲಾ ಖಾಲಿ ಕ್ಯಾನುಗಳನ್ನು ಎತ್ತಿ ಹಿಂದಿನ ಸೀಟಿನ ಬುಡಕ್ಕೆ ಇಟ್ಟಳು. ಸಂಜೆಗೆ ಮುಂಚೆ ಇನಾಯತ್ ಕಾರನ್ನು ಟ್ರೇಲರಿನ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ, ಅವಳನ್ನು ನೀಲಕ್ಕನ ಖಾನಾವಳಿಯ ಮುಂದೆ ಇಳಿಸಿದ.

ಸಿದ್ದರಾಮ ಬದುಕಿದ. ಎಡಗಣ್ಣು ಹೋಯಿತು, ಮುಖದ ಅರ್ಧ ಸುಕ್ಕುಗಟ್ಟಿತು. ಮಾತು ಬಂದ ಕೂಡಲೇ ಅವನು ಕೊಟ್ಟ ಹೇಳಿಕೆ, ಹೆಂಡತಿ ಕುದಿಯುವ ನೀರು ಎರಚಿ ಕೊಲ್ಲಲು ನೋಡಿದಳು ಎಂಬುದು. ಸಾವಂತ್ರೆವ್ವಳೂ ಮಗನ ಪರವಾಗಿಯೇ ಹೇಳಿದಳು, ಸೊಸೆ ಮೊದಲಿಂದಲೂ ಹಟಮಾರಿ ಎಂದಳು. ಗೇಟಿನ ವಿಷಯ ಆಕೆ ಎತ್ತಲಿಲ್ಲ, ಸುಮಂಗಲಾಳೂ ಎತ್ತಲಿಲ್ಲ.

ಆ ವಾರದಲ್ಲೇ ಸಿದ್ದರಾಮನ ತಮ್ಮ ಇನ್ನಿಬ್ಬರನ್ನು ಕಟ್ಟಿಕೊಂಡು ಅಳ್ನಾವರಕ್ಕೆ ಬಂದ. ಮಧ್ಯಾಹ್ನದ ಊಟದ ಹೊತ್ತು. ಬಂದವರೇ ಬಾಗಿಲ ಬಳಿಯ ಬೆಂಚು ಒದ್ದು ಕೆಡವಿದರು. ಊಟ ಮಾಡುತ್ತಿದ್ದ ಒಬ್ಬ ವಯಸ್ಸಾದವನು ಅಡ್ಡ ಬಂದಾಗ ಮೈದುನ ಅವನ ತಲೆಗೆ ಸ್ಟೀಲಿನ ತಾಟಿನಿಂದ ಬೀಸಿದ. ಸುಮಂಗಲಾ ಒಳಗೆ ರೊಟ್ಟಿಯ ಹಂಚಿನ ಮುಂದಿದ್ದಳು. ಮೈದುನ ಅವಳ ಸೆರಗಿಗೆ ಕೈ ಹಾಕಿದಾಗ ನೀಲಕ್ಕ ಒಲೆಯ ಮೇಲಿನ ಸಾರಿನ ಬೋಗಾಣಿಯನ್ನು ಎರಡೂ ಕಿವಿ ಹಿಡಿದು ಎತ್ತಿದಳು. ಸಾರು ಕುದಿಯುತ್ತಿತ್ತು.

"ಚಿಗವ್ವಾ, ಬ್ಯಾಡ," ಎಂದಳು ಸುಮಂಗಲಾ. "ಅವರ ಸುಳ್ಳನ್ನ ನೀ ಖರೇ ಮಾಡಬ್ಯಾಡ."

ನೀಲಕ್ಕ ಬೋಗಾಣಿ ಇಳಿಸಿ ಲಟ್ಟಣಿಗೆ ತೆಗೆದುಕೊಂಡಳು. ಮೊದಲ ಏಟು ಮೈದುನನ ಮಣಿಕಟ್ಟಿಗೆ ಬಿತ್ತು. ಅಷ್ಟರಲ್ಲಿ ಊಟಕ್ಕೆ ಕೂತಿದ್ದ ರೈಲ್ವೆ ಹಳಿಯ ಕೆಲಸಗಾರರು ಎಂಜಲುಗೈಯಲ್ಲೇ ಎದ್ದಿದ್ದರು. ಮೂವರನ್ನೂ ರಸ್ತೆಗೆ ಎಳೆದು ಅವರು ತುಳಿದದ್ದು ನೋಡಿ ಸುಮಂಗಲಾಳೇ ಸಾಕು ಬಿಡಿ ಎಂದು ಕೂಗಬೇಕಾಯಿತು. ಯಾರೂ ತಕ್ಷಣ ಬಿಡಲಿಲ್ಲ. ಮೈದುನ ಎರಡು ಹಲ್ಲು ಕಳೆದುಕೊಂಡು ಹೋದ. ಆ ಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ.

ಕೇಸನ್ನು ತಿರುಗಿಸಿದ್ದು ಇನಾಯತ್‌ನ ಸಾಕ್ಷಿ. ಅವನು ಟ್ರೇಲರಿನಡಿಯಿಂದ ನೋಡಿದ್ದನ್ನು ನೋಡಿದಂತೆಯೇ ಹೇಳಿದ: ಒದ್ದದ್ದು, ತಲೆ ಬಡಿದದ್ದು, ತೆಗೆಯಬೇಡಿ ಎಂದು ಹೆಂಗಸು ಹೇಳಿದ್ದು, ಆದರೂ ತೆಗೆದದ್ದು. ಅಕ್ಬರಸಾಬನೂ ತಿರ್ಲಾಪುರದಿಂದ ಬಂದು, ಬೆರಳು ಮುರಿದ ದಿನದ ಬಗ್ಗೆ ಹೇಳಿಕೆ ಕೊಟ್ಟು ಹೋದ. ಸುಮಂಗಲಾಳ ಮೇಲಿನ ದೂರು ಬಿದ್ದುಹೋಯಿತು. ಅವಳು ಸಿದ್ದರಾಮನ ಮೇಲೆ ಕೊಟ್ಟ ದೂರು ಉಳಿಯಿತು. ಮುಂದೆ ಹಿರಿಯರು ನಡುವೆ ಬಿದ್ದು ಅದನ್ನು ರಾಜಿಯಲ್ಲಿ ಮುಗಿಸಿದರು, ಇಬ್ಬರ ಒಪ್ಪಿಗೆಯ ಮೇಲೆ ವಿಚ್ಛೇದನವಾಯಿತು. ಡಾಕ್ಟರು ಬೆರಳುಗಳನ್ನು ಮತ್ತೆ ಕೂಡಿಸಲು ನೋಡಿದರು. ತಡವಾಗಿತ್ತು. ಅವು ನೆಟ್ಟಗಾದವು, ಮಡಚಲಿಲ್ಲ.

ಕೈಗೆ ಮತ್ತೆ ಬಲ ಬಂದ ಮೇಲೆ ನೀಲಕ್ಕ ಖಾನಾವಳಿಯ ಪಕ್ಕದ, ಕಟ್ಟಿಗೆ ಒಟ್ಟುತ್ತಿದ್ದ ತಗಡಿನ ಶೆಡ್ಡನ್ನು ಖಾಲಿ ಮಾಡಿಕೊಟ್ಟಳು. ಗೋವಾದ ಕಡೆಯಿಂದ ಅಳ್ನಾವರಕ್ಕೆ ಬರುವ ಗಾಡಿಗಳು ಘಟ್ಟದ ಏರಿನಲ್ಲಿ ಬಿಸಿಯಾಗುತ್ತವೆ, ಹಾಗಾಗಿ ಕೆಲಸಕ್ಕೆ ಕೊರತೆಯಿರಲಿಲ್ಲ. ಮೊದಮೊದಲು ಚಾಲಕರು ಬಂದು ಮೇಸ್ತ್ರಿ ಎಲ್ಲಿ ಎಂದು ಕೇಳಿ ಹೋಗುತ್ತಿದ್ದರು. ಈಗ ಹಾಗೆ ಕೇಳುವುದಿಲ್ಲ. ನನ್ನ ಹಳೆಯ ಕಾರು ನಿಂತಾಗ ಮಾತ್ರ ಬಿಸಿಯಾಗತೊಡಗಿತು, ನಾನೂ ಅಲ್ಲಿಗೇ ಒಯ್ದೆ. ಫ್ಯಾನಿಗೆ ಕರೆಂಟು ಕೊಡುವ ರಿಲೇ ಹೋಗಿತ್ತು. ಅವಳ ಕತೆ ನನಗೆ ಗೊತ್ತಾದದ್ದು ಹೀಗೆ, ಹೋಗಿ ಬಂದು ಮಾಡುತ್ತಾ.

ಹೋದ ಚಳಿಗಾಲದಲ್ಲಿ ಸಿದ್ದರಾಮ ಒಬ್ಬನೇ ಬಸ್ಸಿಳಿದು ಶೆಡ್ಡಿಗೆ ಬಂದ. ಸುಮಂಗಲಾ ಒಂದು ಜೀಪಿನ ಎಂಜಿನ್ನಿಗೆ ಬಾಗಿದ್ದಳು. ಆ ಮುಖವನ್ನು ಅವಳು ಗಾಯವಾದ ಮೇಲೆ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಜೀಪಿನ ಚಾಲಕ ಮತ್ತು ಇನ್ನೊಬ್ಬ ಚಹಾ ಕುಡಿಯುತ್ತಾ ಬಾಗಿಲ ಬಳಿ ನಿಂತಿದ್ದರು. ಸಿದ್ದರಾಮ ಅವರನ್ನು ಲೆಕ್ಕಿಸಲಿಲ್ಲ.

"ಒಂದ ಮಾತ ಕೇಳಾಕ ಬಂದೀನಿ," ಎಂದ. "ನೀ ಬ್ಯಾಡ ಅಂದಿದ್ದನ್ನ ನಾ ಮಾಡೇ ಮಾಡತೀನಿ ಅಂತ ನಿನಗ ಗೊತ್ತಿತ್ತು. ಅದಕ್ಕ ಬ್ಯಾಡ ಅಂದಿ. ಹೌದಿಲ್ಲೋ?"

ಇಷ್ಟು ವರ್ಷ ಅವನಿಗೆ 'ರಿ' ಹಚ್ಚಿಯೇ ಮಾತಾಡಿದ್ದವಳು ಅವತ್ತು ಹಚ್ಚಲಿಲ್ಲ.

"ನಾ ಸುಮ್ಮನ ಇದ್ರೂ ನೀ ತಗೀತಿದ್ದಿ."

"ಇಲ್ಲ. ಸುಮ್ಮನ ಇದ್ದಿದ್ರ ಒಂದೀಟು ನಿಂತು ವಿಚಾರ ಮಾಡತಿದ್ನಿ."

"ನಾ ಹೇಳಿದ್ದು ಖರೇ ಇತ್ತು," ಎಂದಳು ಸುಮಂಗಲಾ. "ಗಾಡಿ ವಿಷಯದಾಗ ನಿನಗ ಒಮ್ಮಿನೂ ನಾ ಸುಳ್ಳ ಹೇಳಿಲ್ಲ."

ಸಿದ್ದರಾಮನ ಬಲಗೈ ಎದ್ದಿತು. ಹೊಡೆಯಲೆಂದೇ ಎದ್ದಿತೋ, ಮುಖ ಒರೆಸಿಕೊಳ್ಳಲೋ, ಅವಳಿಗೂ ಗೊತ್ತಿಲ್ಲ. ಬಾಗಿಲಲ್ಲಿದ್ದ ಇಬ್ಬರು ಚಹಾದ ಗ್ಲಾಸು ಕೆಳಗಿಟ್ಟರು. ಸುಮಂಗಲಾ ಸರಿಯಲಿಲ್ಲ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು ಕೆಳಗಿಳಿಯಿತು. ಅವನು ಬಂದ ಹಾದಿಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ಹೋದ.

ಅವನು ಕೇಳಿದ್ದನ್ನು ಅವಳು ತನ್ನಲ್ಲಿಯೇ ಎಷ್ಟೋ ಸಲ ಕೇಳಿಕೊಂಡಿದ್ದಾಳೆ. ಮಣ್ಣಿನಲ್ಲಿ ಕೂತು ಬೇಡ ಎಂದಾಗ, ಉಳಿಸಲೆಂದು ಹೇಳಿದೆನೋ ಅಥವಾ ಒಳಗೆ ಬೇರೆ ಏನಾದರೂ ಇತ್ತೋ ಎಂದು. ಕೆಲವು ದಿನ ಒಂದು ಉತ್ತರ, ಕೆಲವು ದಿನ ಇನ್ನೊಂದು. ನನಗೆ ಹೇಳಿದ ದಿನ ಅವಳು ಎರಡರಲ್ಲಿ ಯಾವುದನ್ನೂ ಆರಿಸಲಿಲ್ಲ.

ಅವತ್ತು ಸಿದ್ದರಾಮ ಹೋದ ಮೇಲೆ ಅವಳು ಜೀಪಿನ ಹತ್ತಿರ ಮರಳಿದಳು. ಪೈಪಿನ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಇಟ್ಟರೆ ಅದು ಜಾರಿ ಜಾರಿ ಬೀಳುತ್ತಿತ್ತು. ಚಾಲಕನಿಗೆ ನಾಳೆ ಬಾ ಎಂದಳು. ಶೆಡ್ಡಿನ ಬಾಗಿಲು ಎಳೆದುಕೊಂಡು ಖಾನಾವಳಿಯ ಅಡುಗೆಮನೆಗೆ ಹೋಗಿ ನೀಲಕ್ಕನ ಬಾಜು ಕುಳಿತಳು. ನೀಲಕ್ಕ ಬೆಳ್ಳುಳ್ಳಿಯ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದಳು. ಮರುದಿನ ಮುಂಜಾನೆ ಜೀಪು ಬರುವ ಮೊದಲೇ ಸುಮಂಗಲಾ ಶೆಡ್ಡಿನಲ್ಲಿದ್ದಳು.